ಬೇಸಿಗೆ ರಜೆಯ ಕಡ್ಡಾಯ ಓದು

ಜೂನ್ ತಿಂಗಳಲ್ಲಿ ಶಾಲೆ ಮುಚ್ಚುವ ಹೊತ್ತಿಗೆ, ನಮ್ಮ ಕೂಟದಲ್ಲಿ ಹೈಸ್ಕೂಲು ಮಕ್ಕಳಿರುವ ಮನೆಗಳಿಗೆಲ್ಲ ಒಂದು ಪಟ್ಟಿ ಬರುತ್ತದೆ. ಮುಂದಿನ ತರಗತಿಯ ಇಂಗ್ಲಿಷಿಗಾಗಿ ರಜೆಯಲ್ಲಿ ಓದಿ ಮುಗಿಸಬೇಕಾದ ಎರಡೋ ಮೂರೋ ಪುಸ್ತಕಗಳ ಹೆಸರು, ಓದಿದ್ದಕ್ಕೆ ಸಾಕ್ಷಿಯಾಗಿ ಬರೆದು ತರಬೇಕಾದ ಟಿಪ್ಪಣಿಯ ಅಳತೆ, ಸೆಪ್ಟೆಂಬರಿನ ಮೊದಲ ವಾರದಲ್ಲೇ ಕ್ವಿಜ್ ಇರುತ್ತದೆ ಎಂಬ ಎಚ್ಚರಿಕೆ. ಪಟ್ಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಳ್ಳುತ್ತದೆ. ಊರಿಗೆ ಹೋಗಿ ಬರುವುದು, ಎಸ್.ಎ.ಟಿ. ಕ್ಲಾಸು, ಈಜು, ಭರತನಾಟ್ಯ, ಕೂಟದ ಪಿಕ್ನಿಕ್ಕು ಇವುಗಳ ಗದ್ದಲದಲ್ಲಿ ಅದರ ಮೇಲೆ ಪಿಜ್ಜಾ ಅಂಗಡಿಯ ಕೂಪನ್ನು ಬಂದು ಕೂರುತ್ತದೆ. ಆಗಸ್ಟ್ 20ರ ಸುಮಾರಿಗೆ ಮನೆಮನೆಯಲ್ಲೂ ಒಂದೇ ಕೂಗು: "ಪುಸ್ತಕ ಓದಿದೆಯೇನೋ?"

ಈ ಬೇಸಿಗೆ ನಾವು ಐದಾರು ಮನೆಯವರು ಈ ಕೂಗು ಹಾಕುವುದನ್ನು ಬಿಟ್ಟು, ಮಕ್ಕಳ ಪಟ್ಟಿಗಳನ್ನೆಲ್ಲ ಒಟ್ಟಿಗಿಟ್ಟುಕೊಂಡು, ಅದರಲ್ಲಿದ್ದ ಕೆಲವು ಪುಸ್ತಕಗಳನ್ನು ನಾವೇ ಓದಿದೆವು. ನಮ್ಮಲ್ಲಿ ಯಾರೂ ಸಾಹಿತ್ಯದ ಮೇಷ್ಟರಲ್ಲ. ಕಂಪ್ಯೂಟರಿನವರು, ಔಷಧದ ಅಂಗಡಿಯವರು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವವರು. ಆದರೆ ಕನ್ನಡದಲ್ಲಿ ಕಾದಂಬರಿ ಓದಿ ಬೆಳೆದವರು. ಆ ಪುಸ್ತಕಗಳ ಬಗ್ಗೆಯೂ ಅವುಗಳನ್ನು ಓದಿಸುವ ರೀತಿಯ ಬಗ್ಗೆಯೂ ನಮಗೆ ಅನ್ನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಮೆಚ್ಚಿದ್ದನ್ನು ಮೆಚ್ಚಿದ್ದೇವೆ, ಬೇಡವೆನಿಸಿದ್ದನ್ನು ಬೇಡವೆಂದಿದ್ದೇವೆ.

ಕಡ್ಡಾಯದ ಓದು ನಮಗೆ ಹೊಸದಲ್ಲ. ಊರಿನಲ್ಲಿ ಪಿ.ಯು.ಸಿ.ಗೆ ಇಂಗ್ಲಿಷ್ 'ನಾನ್-ಡೀಟೇಲ್ಡ್' ಎಂಬ ಪುಸ್ತಕವೊಂದಿರುತ್ತಿತ್ತು. ಅದನ್ನು ಓದಿದವರಿಗಿಂತ ಅದರ ಗೈಡು ಓದಿದವರೇ ಹೆಚ್ಚು. ಇಲ್ಲಿಯೂ ಗೈಡಿನ ಪರಂಪರೆ ದೊಡ್ಡದೇ. ನೆಬ್ರಾಸ್ಕದ ಕ್ಲಿಫ್ಟನ್ ಹಿಲ್ಲೆಗಾಸ್ ಎಂಬವರು 1958ರಲ್ಲಿ ಷೇಕ್ಸ್‌ಪಿಯರನ 16 ನಾಟಕಗಳಿಗೆ ಸಾರಾಂಶ ಅಚ್ಚು ಹಾಕಿಸಿ 'ಕ್ಲಿಫ್ಸ್ ನೋಟ್ಸ್' ಆರಂಭಿಸಿದರು. 1999ರಲ್ಲಿ 'ಸ್ಪಾರ್ಕ್‌ನೋಟ್ಸ್' ಬಂತು. ಈಗ ಕೃತಕ ಬುದ್ಧಿಯ ಯಂತ್ರ ಬಂದಿದೆ. ಪುಸ್ತಕದ ಹೆಸರು ಹೇಳಿದರೆ ಸಾಕು, ಹದಿನಾರು ವರ್ಷದ ಹುಡುಗಿ ಬರೆದಂತೆ, ಅಲ್ಲಲ್ಲಿ ಒಂದೆರಡು ತಪ್ಪು ಸೇರಿಸಿ ಬರೆದು ಕೊಡುತ್ತದೆ. ಇದರಲ್ಲಿ ಮಕ್ಕಳನ್ನು ಮಾತ್ರ ದೂರುವುದು ನಮಗೆ ಸರಿಯೆನಿಸುವುದಿಲ್ಲ. ಗೈಡಿನಿಂದ ಉತ್ತರಿಸಬಹುದಾದ ಪ್ರಶ್ನೆಯನ್ನೇ ಕೇಳಿದರೆ ಗೈಡು ಓದುವವನು ಜಾಣ.

ಪಟ್ಟಿಯಲ್ಲಿ ಏನಿರುತ್ತದೆ? ಆರ್ಥರ್ ಆಪಲ್‌ಬೀ ಎಂಬ ಶಿಕ್ಷಣ ತಜ್ಞರು 1989ರಲ್ಲಿ ಅಮೆರಿಕದ ಹೈಸ್ಕೂಲುಗಳು ಯಾವ ಪುಸ್ತಕಗಳನ್ನು ಪೂರ್ತಿಯಾಗಿ ಓದಿಸುತ್ತವೆ ಎಂದು ಲೆಕ್ಕ ಹಾಕಿದ್ದರು. ಸರ್ಕಾರಿ ಶಾಲೆಗಳ ಮೊದಲ ಹತ್ತರಲ್ಲಿ ಷೇಕ್ಸ್‌ಪಿಯರನ ನಾಲ್ಕು ನಾಟಕಗಳು. ಉಳಿದಂತೆ ಹಕಲ್‌ಬೆರಿ ಫಿನ್, ಸ್ಕಾರ್ಲೆಟ್ ಲೆಟರ್, ಗ್ರೇಟ್ ಗ್ಯಾಟ್ಸ್‌ಬಿ, ಆಫ್ ಮೈಸ್ ಅಂಡ್ ಮೆನ್, ಲಾರ್ಡ್ ಆಫ್ ದ ಫ್ಲೈಸ್, ಟು ಕಿಲ್ ಎ ಮಾಕಿಂಗ್‌ಬರ್ಡ್. ಹತ್ತರಲ್ಲಿ ಹೆಂಗಸು ಬರೆದದ್ದು ಒಂದೇ ಒಂದು, ಹಾರ್ಪರ್ ಲೀಯದು. ಬಿಳಿಯರಲ್ಲದವರು ಬರೆದದ್ದು ಒಂದೂ ಇಲ್ಲ. ನಮ್ಮ ಫ್ರಿಜ್ಜುಗಳ ಪಟ್ಟಿಯಲ್ಲಿ ಈ ಹೆಸರುಗಳಲ್ಲಿ ಅರ್ಧ ಈಗಲೂ ಇವೆ. ಜೊತೆಗೆ ಅಚೆಬೆ, ಹೆಸ್ಸೆ, ಝುಂಪಾ ಲಾಹಿರಿ ಸೇರಿದ್ದಾರೆ. ಬದಲಾವಣೆ ಆಗಿದೆ, ಒಳ್ಳೆಯದು. ಹಳೆಯದನ್ನೆಲ್ಲ ಕಿತ್ತು ಹಾಕಬೇಕೆಂಬ ವಾದ ನಮ್ಮದಲ್ಲ.

'ಗ್ರೇಟ್ ಗ್ಯಾಟ್ಸ್‌ಬಿ'ಯನ್ನು (1925) ಬೇಗ ಮುಗಿಸಿಬಿಡುತ್ತೇವೆ. ಕಳೆದುಹೋದ ಪ್ರೀತಿಯನ್ನು ದುಡ್ಡು ಕೊಟ್ಟು ವಾಪಸು ತರಲು ಹೋದವನ ಕಥೆ ನಲವತ್ತರ ನಂತರ ಹಿಡಿಸುವಷ್ಟು ಹದಿನಾರರಲ್ಲಿ ಹಿಡಿಸಲಿಕ್ಕಿಲ್ಲ. ಆದರೆ ಕೊನೆಯಲ್ಲಿ ಒಂದು ಸಣ್ಣ ಸಂಗತಿ ಇದೆ. ಮಗ ಸತ್ತ ಮೇಲೆ ಬಂದ ಬಡ ತಂದೆ, ಮಗ ಹುಡುಗನಾಗಿದ್ದಾಗ ಒಂದು ಕೌಬಾಯ್ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡಿದ್ದ ದಿನಚರಿಯನ್ನು ಹೆಮ್ಮೆಯಿಂದ ತೋರಿಸುತ್ತಾನೆ. ಬೆಳಿಗ್ಗೆ ಆರಕ್ಕೆ ಏಳುವುದು, ಕಸರತ್ತು, ವಿದ್ಯುಚ್ಛಕ್ತಿಯ ಅಭ್ಯಾಸ, ಹಣ ಉಳಿತಾಯ, ವಾರಕ್ಕೊಂದು ಬುದ್ಧಿ ಬೆಳೆಸುವ ಪುಸ್ತಕ ಓದುವುದು! ನಮ್ಮ ಮನೆಗಳ ಗೋಡೆಯ ಮೇಲಿನ ಟೈಂ ಟೇಬಲ್ಲುಗಳನ್ನು ನೋಡಿದವರಿಗೆ ಇಲ್ಲಿ ನಗು ಬರುತ್ತದೆ, ನಗು ನಿಂತ ಮೇಲೆ ಸ್ವಲ್ಪ ಹೆದರಿಕೆಯೂ ಆಗುತ್ತದೆ. ಯಾವ ಮಗುವೂ ಈ ಪುಟವನ್ನು ನಮಗೆ ತೋರಿಸಿರಲಿಲ್ಲ. ಕ್ವಿಜ್‌ನಲ್ಲಿ ಕೇಳುವುದು ಹಸಿರು ದೀಪದ ಅರ್ಥವನ್ನು.

'ಟು ಕಿಲ್ ಎ ಮಾಕಿಂಗ್‌ಬರ್ಡ್' (1960) ಎಲ್ಲರಿಗೂ ಹಿಡಿಸಿತು. ಕಥೆ ಹೇಳುವ ಹುಡುಗಿ ಸ್ಕೌಟಳ ಮಾತಿನಲ್ಲಿ ಜೀವ ಇದೆ. ಆದರೂ ಒಂದು ತಕರಾರು. ಮಾಡದ ತಪ್ಪಿಗೆ ಸಿಕ್ಕಿಬಿದ್ದ ಟಾಮ್ ರಾಬಿನ್ಸನ್ ಬಾಯಿ ಬಿಡುವುದು ಹೆಚ್ಚುಕಡಿಮೆ ನ್ಯಾಯಾಲಯದಲ್ಲಿ ಮಾತ್ರ. ಅವನ ಮನೆಯಲ್ಲಿ ರಾತ್ರಿ ಏನು ಮಾತು ನಡೆಯಿತೋ ನಮಗೆ ತಿಳಿಯುವುದೇ ಇಲ್ಲ. ವಕೀಲ ಆಟಿಕಸ್‌ನ ದೊಡ್ಡತನವನ್ನು ಅಳೆಯಲು ಟಾಮ್ ಒಂದು ಅಳತೆಗೋಲಾಗಿಬಿಡುತ್ತಾನೆ. 2015ರಲ್ಲಿ ಹಾರ್ಪರ್ ಲೀಯ ಹಳೆಯ ಹಸ್ತಪ್ರತಿ 'ಗೋ ಸೆಟ್ ಎ ವಾಚ್‌ಮನ್' ಅಚ್ಚಾದಾಗ, ಅದೇ ಆಟಿಕಸ್ ಕರಿಯರಿಗೆ ಸಮಾನ ಹಕ್ಕು ಕೂಡದೆನ್ನುವವರ ಸಭೆಯಲ್ಲಿ ಕೂತಿದ್ದನ್ನು ಓದಿ ಎಷ್ಟೋ ಜನ ಕಂಗಾಲಾದರು. ದೇವರ ಪಟದ ಹಿಂದೆ ಗೆದ್ದಲು ಕಂಡ ಹಾಗೆ.

ಈ ಪುಸ್ತಕದಲ್ಲಿ ನಮ್ಮ ಮಕ್ಕಳಿಗೆ ಹತ್ತಿರವಾದ ಪುಟ ಬೇರೆಯೇ ಇದೆ. ಅಡುಗೆಯ ಕ್ಯಾಲ್‌ಪರ್ನಿಯ ಒಂದು ಭಾನುವಾರ ಇಬ್ಬರು ಬಿಳಿ ಮಕ್ಕಳನ್ನು ತನ್ನ ಚರ್ಚಿಗೆ ಕರೆದೊಯ್ಯುತ್ತಾಳೆ. ಅಲ್ಲಿ ಓದು ಬಲ್ಲವರು ನಾಲ್ಕೇ ಜನ. ಹಾಡಿನ ಪುಸ್ತಕವಿಲ್ಲ. ಅವಳ ಮಗ ಒಂದು ಸಾಲು ಹೇಳುತ್ತಾನೆ, ಸಭೆಯೆಲ್ಲ ಅದನ್ನು ಹಾಡುತ್ತದೆ, ನಮ್ಮ ಭಜನೆಯ ಹಾಗೆ. ಆಮೇಲೆ ಮಕ್ಕಳು ಅವಳನ್ನು ಕೇಳುತ್ತಾರೆ: ನಮ್ಮ ಮನೆಯಲ್ಲಿ ಒಂದು ಥರ ಮಾತಾಡುವವಳು ಇಲ್ಲಿ ಯಾಕೆ ಬೇರೆ ಥರ ಮಾತಾಡುತ್ತೀಯ? ಮನೆಯೊಳಗೆ "ಅಮ್ಮಾ, ಹಸಿವು" ಎಂದು, ಬಾಗಿಲಾಚೆ ಗೆಳೆಯ ಬಂದ ಕ್ಷಣ ಬೇರೊಂದು ದನಿ ತೆಗೆಯುವ ನಮ್ಮ ಮಕ್ಕಳಿಗಿಂತ ಚೆನ್ನಾಗಿ ಈ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಯಾರು? ನಮ್ಮ ಮನೆಯೊಂದರ ಹುಡುಗ ಈ ಭಾಗವನ್ನು ಓದಿ, ಪಕ್ಕದಲ್ಲಿ ಅಂಟು ಚೀಟಿ ಹಚ್ಚಿ, 'ಸೆಟ್ಟಿಂಗ್' ಎಂದು ಬರೆದು ಮುಂದೆ ಹೋಗಿದ್ದ. ಪುಟಕ್ಕೊಂದು ಚೀಟಿ ಇರಬೇಕೆಂಬುದು ಅವನಿಗಿದ್ದ ನಿಯಮ.

ಇನ್ನು ಹರ್ಮನ್ ಹೆಸ್ಸೆಯ 'ಸಿದ್ಧಾರ್ಥ' (1922). ಎರಡು ಮನೆಗಳ ಪಟ್ಟಿಯಲ್ಲಿ ಇದು 'ಜಗತ್ತಿನ ಸಾಹಿತ್ಯ' ಎಂಬ ಶೀರ್ಷಿಕೆಯ ಕೆಳಗೆ, ಭಾರತದ ಬಾಬ್ತು ಎಂಬಂತೆ ಕೂತಿತ್ತು. ಬರೆದವರು ಜರ್ಮನರು. ಅವರು 1911ರಲ್ಲಿ ಪೂರ್ವ ದೇಶಗಳ ಪ್ರವಾಸಕ್ಕೆ ಹೊರಟು ಸಿಂಹಳ, ಮಲಯ, ಸುಮಾತ್ರಾ ನೋಡಿದರೇ ಹೊರತು ಭಾರತದ ಒಳನಾಡನ್ನು ಕಾಣಲಿಲ್ಲ. ಹಾಗೆಂದು ನಂಟೇ ಇಲ್ಲವೆಂದಲ್ಲ, ಅದೂ ನಮ್ಮ ಕರಾವಳಿಯದೇ ನಂಟು. ಅವರ ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ತಾತ ಹರ್ಮನ್ ಗುಂಡರ್ಟ್ ಬಾಸೆಲ್ ಮಿಷನ್ನಿನವರು, 1872ರಲ್ಲಿ ಮಲಯಾಳ ನಿಘಂಟು ಕೊಟ್ಟವರು. 1894ರಲ್ಲಿ ನಮಗೆ ಕನ್ನಡ ನಿಘಂಟು ಕೊಟ್ಟ ಕಿಟ್ಟೆಲ್ ಅದೇ ಮಿಷನ್ನಿನವರು. ಇದನ್ನು ಹೇಳಿದಾಗ ನಮ್ಮ ಮಕ್ಕಳು ಮೊದಲ ಸಲ ಪುಸ್ತಕದಿಂದ ತಲೆಯೆತ್ತಿ ನೋಡಿದರು.

ಪುಸ್ತಕ ಕೆಟ್ಟದ್ದಲ್ಲ. ಮೊದಲ ಮಹಾಯುದ್ಧದಲ್ಲಿ ಬೆಂದು ಬಂದ ಯೂರೋಪಿನವನೊಬ್ಬ ನೆಮ್ಮದಿ ಹುಡುಕಿದ ಕಥೆ ಎಂದು ಓದಿದರೆ ಅದಕ್ಕೆ ತೂಕವಿದೆ. ನದಿ ದಾಟಿಸುವ ಅಂಬಿಗನ ಭಾಗ ನಿಜಕ್ಕೂ ಚೆನ್ನಾಗಿದೆ. ಆದರೆ ಇದರಲ್ಲಿ ಬರುವ ಭಾರತದಲ್ಲಿ ಯಾರಿಗೂ ಅಕ್ಕತಂಗಿಯರಿಲ್ಲ, ಸೋದರಮಾವನಿಲ್ಲ, ಭತ್ತದ ಗದ್ದೆಯ ಜಗಳವಿಲ್ಲ. ಎಲ್ಲರೂ ಧ್ಯಾನದ ದನಿಯಲ್ಲೇ ಮಾತಾಡುತ್ತಾರೆ. ಪ್ರತಿ ವರ್ಷ ಊರಿಗೆ ಹೋಗಿ ಚಿಕ್ಕಪ್ಪ ದೊಡ್ಡಪ್ಪಂದಿರ ಆಸ್ತಿ ಜಗಳ ಕೇಳಿ ಬರುವ ಮಗುವಿಗೆ, ತರಗತಿಯಲ್ಲಿ "ಇದು ನಿಮ್ಮ ದೇಶದ ಪುಸ್ತಕವಲ್ಲವೇ, ನೀನೇ ಹೇಳು" ಎಂದರೆ ಅದು ಏನು ಹೇಳೀತು?

ನಮ್ಮನ್ನು ಅತಿ ಹೆಚ್ಚು ಹಿಡಿದಿಟ್ಟದ್ದು ಚಿನುವಾ ಅಚೆಬೆಯವರ 'ಥಿಂಗ್ಸ್ ಫಾಲ್ ಅಪಾರ್ಟ್' (1958). ನೈಜೀರಿಯದ ಇಗ್ಬೊ ಜನರ ಹಳ್ಳಿ, ಮಿಷನರಿಗಳೂ ಬ್ರಿಟಿಷ್ ಅಧಿಕಾರಿಗಳೂ ಬಂದ ಕಾಲ. ಅಚೆಬೆಯವರ ತಂದೆಯೇ ಮಿಷನ್ನಿನ ಉಪದೇಶಿ. ಆದ್ದರಿಂದ ಒಡೆದ ಮನೆಯ ಎರಡೂ ಕಡೆ ಅವರಿಗೆ ಗೊತ್ತು. ಒಕೊಂಕ್ವೊ ಎಂಬ ಗಟ್ಟಿ ರೈತ, ತಂದೆಯ ಸೋಮಾರಿತನಕ್ಕೆ ಹೇಸಿ, ತನ್ನನ್ನು ಯಾರೂ ದುರ್ಬಲ ಎನ್ನಬಾರದೆಂಬ ಹೆದರಿಕೆಯಲ್ಲೇ ಬದುಕುವವನು. ಬೇರೆ ಹಳ್ಳಿಯಿಂದ ಒತ್ತೆಯಾಗಿ ಬಂದ ಹುಡುಗ ಇಕೆಮೆಫುನ ಮೂರು ವರ್ಷ ಅವನ ಮನೆಯಲ್ಲಿ ಬೆಳೆದು ಅವನನ್ನು ಅಪ್ಪ ಎಂದು ಕರೆಯುತ್ತಾನೆ. ದೈವವಾಣಿಯಂತೆ ಆ ಹುಡುಗನನ್ನು ಕೊಲ್ಲಬೇಕೆಂದು ಊರು ತೀರ್ಮಾನಿಸಿದಾಗ, ಹಿರಿಯನೊಬ್ಬ ಬಂದು "ಆ ಮಗು ನಿನ್ನನ್ನು ಅಪ್ಪ ಅನ್ನುತ್ತೆ, ನೀನು ಮಾತ್ರ ಕೈ ಹಾಕಬೇಡ" ಎಂಬರ್ಥದ ಮಾತು ಹೇಳಿ ಹೋಗುತ್ತಾನೆ. ಕಾಡಿನಲ್ಲಿ ಏಟು ಬಿದ್ದ ಹುಡುಗ ಅಪ್ಪನೆಡೆಗೆ ಓಡಿ ಬರುತ್ತಾನೆ. ಅಪ್ಪನೇ ಕಡಿಯುತ್ತಾನೆ.

ಇಷ್ಟನ್ನು ಓದಿ ನಮ್ಮಲ್ಲಿ ಒಬ್ಬರು ಪುಸ್ತಕ ಮುಚ್ಚಿಟ್ಟು ಎರಡು ದಿನ ಮುಟ್ಟಲಿಲ್ಲ. ಈ ಪುಸ್ತಕದ ಮೇಲೆ ನಡೆದ ಹಳೆಯ ಕ್ವಿಜ್ ಕಾಗದವೊಂದು ನಮಗೆ ಸಿಕ್ಕಿತು. ಒಕೊಂಕ್ವೊಗೆ ಎಷ್ಟು ಹೆಂಡಿರು? ಇಕೆಮೆಫುನ ಎಷ್ಟು ವರ್ಷ ಅವನ ಮನೆಯಲ್ಲಿದ್ದ? ಗಡೀಪಾರು ಎಷ್ಟು ವರ್ಷ? ಮೂರು, ಮೂರು, ಏಳು. ಇಷ್ಟು ಗೊತ್ತಿದ್ದವನಿಗೆ ಪೂರ್ತಿ ಅಂಕ. 'ಅಪ್ಪ' ಎಂದು ಕರೆಸಿಕೊಂಡವನು ಯಾಕೆ ಕತ್ತಿ ಎತ್ತಿದ ಎಂದು ಕೇಳಿದ್ದರೆ ಅಂಕ ಕೊಡುವುದು ಕಷ್ಟವಾಗುತ್ತಿತ್ತು, ಒಪ್ಪುತ್ತೇವೆ. ನೂರೈವತ್ತು ಮಕ್ಕಳ ಉತ್ತರ ತಿದ್ದಬೇಕಾದ ಮೇಷ್ಟರ ಕಷ್ಟವೂ ನಮಗೆ ಅರ್ಥವಾಗುತ್ತದೆ. ಆದರೆ ಎರಡೂವರೆ ತಿಂಗಳು ಮಗುವಿನ ಕೈಯಲ್ಲಿದ್ದ ಇಂಥ ಪುಸ್ತಕಕ್ಕೆ ಕೊನೆಗೆ ಸಿಗುವುದು ಮೂರು, ಮೂರು, ಏಳು ಎಂದರೆ, ಅದು ಪುಸ್ತಕಕ್ಕೂ ಮಗುವಿಗೂ ಮಾಡಿದ ಅನ್ಯಾಯ.

ಕನ್ನಡ ಓದಿದವರಿಗೆ ಈ ಕಾದಂಬರಿಯ ಉದ್ದಕ್ಕೂ ಯಾರೋ ಪರಿಚಿತರು ಸಿಕ್ಕ ಹಾಗಾಗುತ್ತದೆ. ಇದಕ್ಕೂ ಕಾಲು ಶತಮಾನ ಮೊದಲು, 1933ರಲ್ಲಿ, ಶಿವರಾಮ ಕಾರಂತರು 'ಚೋಮನ ದುಡಿ' ಬರೆದರು. ಅಲ್ಲಿಯೂ ಊರಿಗೆ ಪಾದ್ರಿಗಳು ಬಂದಿದ್ದಾರೆ. ಬೇಸಾಯ ಮಾಡುವ ಹಕ್ಕಿಲ್ಲದ ಚೋಮನಿಗೆ, ಮತ ಬದಲಿಸಿದರೆ ಭೂಮಿ ಸಿಕ್ಕೀತೆಂಬ ಆಸೆ. ಮಗ ಗುರುವ ಆ ದಾರಿ ಹಿಡಿಯುತ್ತಾನೆ. ಚೋಮ ಹೊರಟು ಅರ್ಧ ದಾರಿಯಲ್ಲಿ, ತನ್ನ ದೈವದ ನೆನಪಿಗೆ ಕಟ್ಟುಬಿದ್ದು ಹಿಂದಿರುಗುತ್ತಾನೆ. ಅಚೆಬೆಯ ಕಥೆಯಲ್ಲೂ ಒಕೊಂಕ್ವೊನ ಮಗ ನ್ವೋಯೆ ಚರ್ಚಿಗೆ ಹೋಗುತ್ತಾನೆ, ತಂದೆ ಹೋಗುವುದಿಲ್ಲ. ನ್ವೋಯೆಯನ್ನು ಸೆಳೆದದ್ದು ಬೋಧನೆಯಲ್ಲ, ಒಂದು ಹಾಡು. ಕೊಲೆಯಾದ ಇಕೆಮೆಫುನನ ಬಗ್ಗೆ, ಕಾಡಿನಲ್ಲಿ ಬಿಟ್ಟುಬಂದ ಅವಳಿ ಕೂಸುಗಳ ಬಗ್ಗೆ ಅವನೊಳಗೆ ಕೂತಿದ್ದ ಪ್ರಶ್ನೆಗೆ ಊರಿನಲ್ಲಿ ಯಾರೂ ಉತ್ತರ ಕೊಟ್ಟಿರಲಿಲ್ಲ. ಇಬ್ಬರು ಲೇಖಕರೂ 'ಹೊರಗಿನವರು ಬಂದು ಕೆಡಿಸಿದರು' ಎಂಬ ಸುಲಭದ ಮಾತಿಗೆ ಜಾರುವುದಿಲ್ಲ. ಗೋಡೆ ಮೊದಲೇ ಬಿರುಕು ಬಿಟ್ಟಿತ್ತು ಎಂಬುದನ್ನು ತೋರಿಸುತ್ತಾರೆ.

ಆ ಬಿರುಕಿನ ಹೆಸರು ಅಚೆಬೆಯಲ್ಲಿ 'ಒಸು'. ದೇವರಿಗೆ ಬಿಟ್ಟವರು, ಕೂದಲು ಕತ್ತರಿಸುವಂತಿಲ್ಲ, ಉಳಿದವರೊಡನೆ ಮದುವೆಯಿಲ್ಲ, ಪೀಳಿಗೆಯಿಂದ ಪೀಳಿಗೆಗೆ ಹೊರಗಿನವರೇ. ಅಂಥ ಇಬ್ಬರು ಚರ್ಚಿನೊಳಗೆ ಬಂದಾಗ, ಹೊಸದಾಗಿ ಕ್ರೈಸ್ತರಾದವರೇ ಎದ್ದು ನಿಂತು ತಡೆಯಲು ನೋಡುತ್ತಾರೆ. ಪಾದ್ರಿ ಬಗ್ಗುವುದಿಲ್ಲ. ಇಬ್ಬರೂ ತಲೆ ಬೋಳಿಸಿಕೊಂಡು ಒಳಗೆ ಉಳಿಯುತ್ತಾರೆ. ಇದು ಎರಡೋ ಮೂರೋ ಪುಟದ ಪ್ರಸಂಗ. ಕರ್ನಾಟಕದಿಂದ ಬಂದ ಯಾವ ಮನೆಯಲ್ಲಿ ಇದಕ್ಕೆ ವಿವರಣೆ ಬೇಕು? ಆದರೂ "ಅಪ್ಪಾ, ಒಸು ಅಂದರೆ ನಮ್ಮಲ್ಲೂ ಇದ್ದಾರಾ?" ಎಂದು ಒಬ್ಬ ಹುಡುಗಿ ಕೇಳಿದಾಗ, ಆ ಮನೆಯಲ್ಲಿ ಊಟದ ಮೇಜು ಸ್ವಲ್ಪ ಹೊತ್ತು ಸುಮ್ಮನಾಯಿತಂತೆ. ಮಾಕಿಂಗ್‌ಬರ್ಡ್ ಓದಿದ ಮಕ್ಕಳೊಡನೆ ಅಲಬಾಮದ ಅನ್ಯಾಯದ ಬಗ್ಗೆ ನಮ್ಮ ಮನೆಗಳಲ್ಲಿ ಧಾರಾಳವಾಗಿ ಮಾತು ನಡೆಯುತ್ತದೆ. ಅಜ್ಜನ ಮನೆಯ ಹಿತ್ತಿಲಲ್ಲಿ ಯಾರಿಗೆ ಯಾವ ಲೋಟದಲ್ಲಿ ಕಾಫಿ ಕೊಡುತ್ತಿದ್ದರು ಎಂಬ ಮಾತು ಬರುವುದಿಲ್ಲ. ಪಟ್ಟಿಯಲ್ಲಿರುವ ಪುಸ್ತಕಗಳ ಪೈಕಿ ನಮ್ಮನ್ನು ಈ ಪ್ರಶ್ನೆಯೆದುರು ನಿಲ್ಲಿಸುವ ಪುಸ್ತಕ ಇದೊಂದೇ. ಅದು ಆಫ್ರಿಕದಿಂದ ಬಂದಿದೆ.

ಆ ಮನೆಯ ತಂದೆ ಆಮೇಲೆ ಉತ್ತರ ಕೊಟ್ಟರೆಂದು ಕೇಳಿದ್ದೇವೆ. ಚೋಮನ ಕಥೆಯನ್ನೇ ಹೇಳಿದರಂತೆ. ಮಗ ನೀಲ ನೀರಿಗೆ ಬಿದ್ದಾಗ, ಮುಟ್ಟಿದರೆ ಮೈಲಿಗೆಯೆಂದು ದಡದಲ್ಲಿದ್ದವರು ಕೈ ಕೊಡದೆ ಹುಡುಗ ಸತ್ತದ್ದನ್ನು. ಹುಡುಗಿ ತನ್ನ ಟಿಪ್ಪಣಿಯಲ್ಲಿ ಎರಡು ಪುಸ್ತಕಗಳನ್ನೂ ಪಕ್ಕಪಕ್ಕ ಇಟ್ಟು ಬರೆದಳು. ಅದಕ್ಕೆ ಎಷ್ಟು ಅಂಕ ಬಂತೋ ನಾವು ವಿಚಾರಿಸಲಿಲ್ಲ.

ಇನ್ನೊಂದು ಹೋಲಿಕೆ. ಅಚೆಬೆಯ ಕಾದಂಬರಿ ಮುಗಿಯುವುದು ಊರಿನವರು ಮುಟ್ಟುವಂತಿಲ್ಲದ ಹೆಣದೊಂದಿಗೆ. ಒಕೊಂಕ್ವೊ ನೇಣು ಹಾಕಿಕೊಂಡಿದ್ದಾನೆ. ಆತ್ಮಹತ್ಯೆ ಮಾಡಿಕೊಂಡವನನ್ನು ಸ್ವಂತ ಜನ ಹೂಳುವಂತಿಲ್ಲ, ಪರಕೀಯರೇ ಇಳಿಸಬೇಕು. ಬ್ರಿಟಿಷ್ ಅಧಿಕಾರಿ ಅದನ್ನು ನೋಡುತ್ತ, ತಾನು ಬರೆಯಲಿರುವ ಪುಸ್ತಕದಲ್ಲಿ ಈ ಮನುಷ್ಯನಿಗೆ ಒಂದು ಪ್ಯಾರಾ ಕೊಡಬಹುದೆಂದು ಲೆಕ್ಕ ಹಾಕುತ್ತಾನೆ. ಅನಂತಮೂರ್ತಿಯವರ 'ಸಂಸ್ಕಾರ' (1965) ಆರಂಭವಾಗುವುದೇ ಅಗ್ರಹಾರದಲ್ಲಿ ಯಾರೂ ಸುಡಲೊಪ್ಪದ ಹೆಣದೊಂದಿಗೆ. ಎ.ಕೆ. ರಾಮಾನುಜನ್ ಅದನ್ನು 1976ರಲ್ಲೇ ಇಂಗ್ಲಿಷಿಗೆ ತಂದಿದ್ದಾರೆ. ಇಲ್ಲಿನ ಎಷ್ಟೋ ಕಾಲೇಜುಗಳಲ್ಲಿ ಪಾಠವಾಗಿದೆ. ಹೈಸ್ಕೂಲಿನ ಪಟ್ಟಿಯಲ್ಲಿ ನಾವು ಕಂಡಿಲ್ಲ. ಹನ್ನೆರಡನೆಯ ತರಗತಿಯವರಿಗೆ ಧಾರಾಳವಾಗಿ ಕೊಡಬಹುದು; ಅದಕ್ಕಿಂತ ಚಿಕ್ಕವರಿಗೆ ಬೇಡ.

'ಸಂಸ್ಕಾರ'ದ ಮಾತು ಬಂದದ್ದರಿಂದ ಎ.ಪಿ. ಇಂಗ್ಲಿಷ್ ತೆಗೆದುಕೊಳ್ಳುವ ಮಕ್ಕಳಿಗೆ ಎಲ್ಲೆಡೆ ಕೊಡುವ ಒಂದು ಪುಸ್ತಕದ ಬಗ್ಗೆ ಹೇಳಬೇಕು. ಥಾಮಸ್ ಫಾಸ್ಟರ್ ಅವರ 'ಹೌ ಟು ರೀಡ್ ಲಿಟರೇಚರ್ ಲೈಕ್ ಎ ಪ್ರೊಫೆಸರ್' (2003). ಲವಲವಿಕೆಯ ಬರಹ, ತಮಾಷೆಯಾಗಿದೆ. ಪ್ರಯಾಣ ಬಂದರೆ ಅನ್ವೇಷಣೆ, ಮಳೆ ಬಂದರೆ ಬರಿಯ ಮಳೆಯಲ್ಲ, ಕೂಡಿ ಉಂಡರೆ ಮನಸ್ಸುಗಳ ಕೂಟ, ಊಟ ಕೆಟ್ಟರೆ ಅಪಶಕುನ. ಲೇಖಕರು ಇವನ್ನು ಸೂತ್ರಗಳೆಂದು ಹೇಳಿಲ್ಲದಿರಬಹುದು, ಮಕ್ಕಳಂತೂ ಸೂತ್ರಗಳೆಂದೇ ಹಿಡಿದಿದ್ದಾರೆ. ಜ್ಯಾಮಿಟ್ರಿ ಪ್ರಮೇಯದಂತೆ ಹಚ್ಚುತ್ತಾರೆ. ಊಟದ ಸೂತ್ರವನ್ನು 'ಸಂಸ್ಕಾರ'ಕ್ಕೆ ಹಚ್ಚಿ ನೋಡಿ. ಸೂತಕದಲ್ಲಿರುವ ಪ್ರಾಣೇಶಾಚಾರ್ಯರು ಮೇಳಿಗೆಯ ದೇವಸ್ಥಾನದ ಪಂಕ್ತಿಯಲ್ಲಿ, ಯಾರಾದರೂ ಗುರುತು ಹಿಡಿದಾರೆಂದು ನಡುಗುತ್ತ ಊಟಕ್ಕೆ ಕೂರುತ್ತಾರೆ. ಅಲ್ಲಿ ಊಟ ಕೆಟ್ಟಿಲ್ಲ, ಯಾರೂ ಜಗಳವಾಡಿಲ್ಲ. ಪಂಕ್ತಿಯಲ್ಲಿ ಸೇರಿದ್ದೇ ಅಪರಾಧ. ಕೂಡಿ ಉಣ್ಣುವುದು ಕೂಡಿಸುವಷ್ಟೇ ಬೇರ್ಪಡಿಸಬಲ್ಲದು ಎಂಬುದು ನಮ್ಮ ಅಜ್ಜಿಯರಿಗೆ ಪ್ರೊಫೆಸರರ ಸಹಾಯವಿಲ್ಲದೆ ಗೊತ್ತಿತ್ತು. ನಮ್ಮ ಅಭಿಪ್ರಾಯದಲ್ಲಿ ಕಥೆಗಳನ್ನು ಓದುವ ಮೊದಲೇ ಈ ಪುಸ್ತಕ ಕೊಡುವುದು, ಊಟಕ್ಕೆ ಮೊದಲೇ ಜೀರ್ಣದ ಮಾತ್ರೆ ಕೊಟ್ಟಂತೆ.

ಕಡ್ಡಾಯ ಬೇಕೇ ಬೇಡವೇ ಎಂಬ ಚರ್ಚೆ ನಮ್ಮೊಳಗೂ ಜೋರಾಗಿಯೇ ನಡೆಯಿತು. ಬಿಟ್ಟುಬಿಟ್ಟರೆ ಮಕ್ಕಳು ಓದುವುದೇ ಇಲ್ಲ ಎಂಬ ಹೆದರಿಕೆ ಸುಳ್ಳಲ್ಲ. ಸರ್ಕಾರದ ರಾಷ್ಟ್ರೀಯ ಮೌಲ್ಯಮಾಪನದ ಪ್ರಕಾರ, ಹೆಚ್ಚುಕಡಿಮೆ ದಿನವೂ ಸಂತೋಷಕ್ಕಾಗಿ ಓದುತ್ತೇವೆಂದ 13 ವರ್ಷದ ಮಕ್ಕಳು 2012ರಲ್ಲಿ ನೂರಕ್ಕೆ 27 ಇದ್ದರು, 2023ರಲ್ಲಿ 14. ಇನ್ನೊಂದು ಕಡೆ, ಆಲಿಂಗ್ಟನ್ ಮತ್ತು ಮೆಕ್‌ಗಿಲ್-ಫ್ರಾನ್ಜೆನ್ ಎಂಬವರು 2010ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಬಡ ಮನೆಗಳ ಪ್ರಾಥಮಿಕ ಶಾಲೆಯ ಮಕ್ಕಳಿಗೆ, ಅವರೇ ಆರಿಸಿಕೊಂಡ ಹನ್ನೆರಡು ಪುಸ್ತಕಗಳನ್ನು ಮೂರು ಬೇಸಿಗೆ ಸತತವಾಗಿ ಕೊಟ್ಟಾಗ ಅವರ ಓದು ಸುಧಾರಿಸಿತು. ಕ್ವಿಜ್ ಇರಲಿಲ್ಲ, ಅಂಟು ಚೀಟಿ ಇರಲಿಲ್ಲ. ಅದು ಚಿಕ್ಕ ಮಕ್ಕಳ ಮಾತು, ಹೈಸ್ಕೂಲಿಗೆ ಹಾಗೇ ಅನ್ವಯಿಸಲಾಗದು. ಆದರೂ 'ಅವರೇ ಆರಿಸಿಕೊಂಡ' ಎಂಬುದು ಗಮನಿಸುವಂಥದ್ದು. ಕೆಲವು ಶಾಲೆಗಳು ಈಗ ಒಂದು ಕಡ್ಡಾಯ, ಒಂದು ನಿಮ್ಮಿಷ್ಟ ಎಂದು ಮಾಡಿವೆ. ನಮಗೆ ಈ ಏರ್ಪಾಡು ಹಿಡಿಸಿತು. 'ನಿಮ್ಮಿಷ್ಟ'ದ ಜಾಗದಲ್ಲಿ ಹುಡುಗರು ಅತಿ ತೆಳ್ಳಗಿನ ಪುಸ್ತಕವನ್ನೇ ಆರಿಸುತ್ತಾರೆ, ಅದಿರಲಿ. ಸುಮಾರು ನೂರು ಪುಟದ 'ಆಫ್ ಮೈಸ್ ಅಂಡ್ ಮೆನ್' ಈ ದೇಶದಲ್ಲಿ ಅಷ್ಟೊಂದು ಓದುಗರನ್ನು ಗಳಿಸಿರುವುದಕ್ಕೆ ಅದೂ ಒಂದು ಕಾರಣವಿರಬೇಕು. ಒಳ್ಳೆಯ ಪುಸ್ತಕ ತೆಳ್ಳಗಿದ್ದರೆ ತಪ್ಪೇನು?

ಕೊನೆಗೆ ಝುಂಪಾ ಲಾಹಿರಿಯವರ 'ದಿ ನೇಮ್‌ಸೇಕ್' (2003). ಮೊದಲ ಪುಟದಲ್ಲೇ, 1968ರಲ್ಲಿ, ತುಂಬು ಗರ್ಭಿಣಿ ಆಶಿಮಾ ರೈಸ್ ಕ್ರಿಸ್ಪೀಸ್, ಕಡಲೆಬೀಜ, ಈರುಳ್ಳಿ ಕಲಸಿ ಕಲ್ಕತ್ತದ ಬೀದಿಯ ರುಚಿ ಹುಡುಕುತ್ತಾಳೆ. ಅದು ನಮ್ಮ ಚುರುಮುರಿ! ನಮ್ಮ ಕೂಟದ ಹಳೆಯ ಸದಸ್ಯೆಯರು ಇದನ್ನು ಓದಿ ಬಾಯಲ್ಲಿ ನೀರೂರಿಸಿಕೊಂಡರು, ಕಣ್ಣಲ್ಲೂ. ಬಂಗಾಳಿ ಮನೆಯಾದರೂ ವಿವರ ನಮ್ಮದೇ. ಮಗ ದೊಡ್ಡವನಾದ ಮೇಲೆ ಬರುವ ಅವನ ಪ್ರೇಮ ಪ್ರಕರಣಗಳಲ್ಲಿ ಮಾತ್ರ ಕಥೆ ಸೊರಗುತ್ತದೆ. ಊಟ ಏನು, ವೈನು ಯಾವುದು, ಸೋಫಾ ಎಂಥದು ಎಂಬ ಪಟ್ಟಿ ಉದ್ದವಾಗುತ್ತದೆ.

ಆದರೆ ಈ ಕಾದಂಬರಿಯ ನಡುವೆ ಇರುವುದು ಓದದೆ ಬಿಟ್ಟ ಒಂದು ಪುಸ್ತಕ. ಇದನ್ನು ಯಾವ ಮೇಷ್ಟರೂ ಮಕ್ಕಳಿಗೆ ಹೇಳಿದಂತಿಲ್ಲ. ತಂದೆ ಅಶೋಕನ ಅಜ್ಜ ಸಾಹಿತ್ಯದ ಪ್ರಾಧ್ಯಾಪಕರು. ರಷ್ಯದ ಲೇಖಕರನ್ನು ಓದಲು ಮೊಮ್ಮಗನಿಗೆ ಹಚ್ಚಿದವರು ಅವರೇ. 1961ರಲ್ಲಿ ರೈಲು ಉರುಳಿದ ರಾತ್ರಿ ಅಶೋಕನ ಕೈಯಲ್ಲಿದ್ದದ್ದು ಅಜ್ಜ ಕೊಟ್ಟಿದ್ದ ಗೊಗೋಲನ ಕಥೆಗಳು. ಅವನ ಮುಷ್ಟಿಯಿಂದ ಬಿದ್ದ ಒಂದು ಪುಟ ಕಂಡೇ ಜನ ಅವನನ್ನು ಉಳಿಸಿದರು. ಆದ್ದರಿಂದಲೇ ಮಗನಿಗೆ ಗೊಗೋಲ್ ಎಂಬ ಹೆಸರು. ಮಗನಿಗೆ ಹದಿನಾಲ್ಕು ತುಂಬಿದಾಗ ತಂದೆ ಆ ಪುಸ್ತಕವನ್ನೇ ಉಡುಗೊರೆ ಕೊಡುತ್ತಾನೆ. ರೈಲಿನ ಕಥೆ ಹೇಳಲು ಬಾಯಿ ತೆರೆದು, ಇವತ್ತು ಬೇಡ, ಹುಟ್ಟಿದ ಹಬ್ಬ ಎಂದು ಸುಮ್ಮನಾಗುತ್ತಾನೆ. ಪುಸ್ತಕ ಕಪಾಟು ಸೇರುತ್ತದೆ. ಆಮೇಲೆ ಹೈಸ್ಕೂಲಿನಲ್ಲಿ ಮೇಷ್ಟರು ಅದೇ ಗೊಗೋಲನ ಕಥೆಯನ್ನು ತರಗತಿಗೆ ಕಡ್ಡಾಯ ಮಾಡುತ್ತಾರೆ. ಹುಡುಗ ಅದನ್ನೂ ಓದುವುದಿಲ್ಲ. ರೈಲಿನ ಕಥೆ ಅವನಿಗೆ ತಿಳಿಯುವುದು ಕಾಲೇಜಿಗೆ ಹೋದ ಮೇಲೆ, ಕಾರಿನಲ್ಲಿ ಕೂತು ತಂದೆ ಬಾಯಿ ಬಿಟ್ಟಾಗ. ಪುಸ್ತಕವನ್ನು ತೆರೆಯುವ ಹೊತ್ತಿಗೆ ತಂದೆ ಇಲ್ಲ, ಮನೆ ಮಾರಾಟವಾಗಿದೆ.

ಕೊಟ್ಟವರಿಬ್ಬರು, ತಂದೆ ಮತ್ತು ಶಾಲೆ. ಇಬ್ಬರೂ ಒಳ್ಳೆಯ ಪುಸ್ತಕವನ್ನೇ ಕೊಟ್ಟರು. ಯಾಕೆ ಕೊಡುತ್ತಿದ್ದೇನೆ ಎಂದು ತಂದೆ ಹೇಳಲಿಲ್ಲ; ಶಾಲೆಗೆ ಗೊತ್ತಿರಲಿಲ್ಲ. ನಮ್ಮ ಮಕ್ಕಳ ಪಟ್ಟಿಯ ಮೇಲಿನ ನಮ್ಮ ತಕರಾರೆಲ್ಲ ಲಾಹಿರಿಯವರ ಈ ಮೂರು ಪ್ರಸಂಗಗಳಲ್ಲಿ ಇದೆ. ಪಟ್ಟಿ ಕಳಿಸುವ ಶಾಲೆ ಎರಡೇ ಸಾಲಿನಲ್ಲಾದರೂ 'ಈ ಪುಸ್ತಕವನ್ನು ಯಾಕೆ ಆರಿಸಿದೆವು' ಎಂದು ಬರೆಯಲಿ. ಮೊದಲ ವಾರ ಕ್ವಿಜ್ ಬದಲು ಒಂದು ಗಂಟೆ ಮಾತಾಡಿಸಲಿ. ಇದನ್ನು ನಾವು ಶಾಲಾ ಮಂಡಳಿಗೆ ಬರೆದು ಕಳಿಸುತ್ತಿದ್ದೇವೆ. ಸಹಿ ಹಾಕಲು ಇಚ್ಛೆಯಿದ್ದವರು ಗಣೇಶನ ಹಬ್ಬದ ದಿನ ಪ್ರಸಾದದ ಮೇಜಿನ ಪಕ್ಕದಲ್ಲಿ ನಮ್ಮನ್ನು ಕಾಣಬಹುದು.

ಅದೇ ಮೇಜಿನ ಮೇಲೆ, ಓದಿ ಹಿಂದಿರುಗಿಸುವವರಿಗಾಗಿ, ಕೂಟದ ಕಪಾಟಿನ ಕೆಲವು ಪುಸ್ತಕಗಳನ್ನು ಇಟ್ಟಿರುತ್ತೇವೆ. 'ಸಂಸ್ಕಾರ' ಕನ್ನಡದ್ದು ಎರಡು ಪ್ರತಿ, ಇಂಗ್ಲಿಷಿನದು ಎರಡು. 'ಚೋಮನ ದುಡಿ' ಕನ್ನಡದ್ದು ಒಂದು, ಯು.ಆರ್. ಕಲ್ಕೂರರ ಇಂಗ್ಲಿಷ್ ಅನುವಾದ ಒಂದು. ಅಚೆಬೆ ಮೂರು ಪ್ರತಿ ಇವೆ, ಮಕ್ಕಳು ಅಂಟಿಸಿದ ಚೀಟಿಗಳ ಸಮೇತ. 'ಚೋಮನ ದುಡಿ'ಯ ಇಂಗ್ಲಿಷ್ ಪ್ರತಿಯ ಕೊನೆಯ ಎಂಟು ಪುಟಗಳು ಬೈಂಡಿನಿಂದ ಕಳಚಿವೆ. ಒಯ್ಯುವವರು ದಯವಿಟ್ಟು ಎಣಿಸಿಕೊಂಡು ಒಯ್ಯಬೇಕು.